ದಿಕ್ಕು ಬದಲಿಸುವ ನವೋದ್ಯಮಗಳು: ಮೊದಲು ತಿಳಿಯಬೇಕಾದವರು ಯಾರು?

ಸಾಸ್ತಾನ: ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಉಡುಪಿಯಿಂದ ಕುಂದಾಪುರದತ್ತ ಸಾಗುವವರಿಗೆ ಸಾಸ್ತಾನವೆಂದರೆ ಮೊದಲು ನೆನಪಾಗುವುದು ಟೋಲ್‌ಗೇಟ್. ಅಲ್ಲಿಂದ ಕೆಲವೇ ಕಿಲೋಮೀಟರ್ ಅಂತರದಲ್ಲಿ, ಸಾಲಿಗ್ರಾಮಕ್ಕೆ ಹೊಂದಿಕೊಂಡಂತೆ ಪಾರಂಪಳ್ಳಿ ಎಂಬ ಊರಿದೆ. ಜನರ ಬಾಯಲ್ಲಿ ಎಂಟಿಆರ್ ಎಂದೇ ಪ್ರಸಿದ್ಧವಾದ ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಅನ್ನು ಕಟ್ಟಿ ಬೆಳೆಸಿದ ಯಜ್ಞನಾರಾಯಣ ಮಯ್ಯರ ಕುಟುಂಬದ ಮೂಲ ಈ ಊರು.

1975ರಲ್ಲಿ ತುರ್ತು ಪರಿಸ್ಥಿತಿ ಜಾರಿಯಾದ ಬಳಿಕ ಹೋಟೆಲುಗಳ ತಿಂಡಿ ತಿನಿಸುಗಳಿಗೆ ಸರ್ಕಾರವೇ ಕಡಿಮೆ ದರ ನಿಗದಿಪಡಿಸಿತು. ಆ ದರಕ್ಕೆ ಎಂಟಿಆರ್‌ನ ಗುಣಮಟ್ಟದ ತಿಂಡಿ ನೀಡುವುದು ಅಸಾಧ್ಯವಾಗಿತ್ತು. ತುಪ್ಪ ಕಡಿಮೆ ಮಾಡಿ ದಿನ ದೂಡುವ ದಾರಿ ಇತ್ತು. ಆದರೆ ಹೋಟೆಲಿನವರು ಗುಣಮಟ್ಟವನ್ನು ಹಾಗೆಯೇ ಉಳಿಸಿಕೊಂಡು, ಪ್ರತಿದಿನ ಆಗುತ್ತಿದ್ದ ನಷ್ಟದ ಮೊತ್ತವನ್ನು ಹೊರಗಿನ ಫಲಕದ ಮೇಲೆ ಬರೆದು ಪ್ರದರ್ಶಿಸಿದರು. ಬೆಂಗಳೂರಿನ ಹೋಟೆಲ್ ಚರಿತ್ರೆಯಲ್ಲಿ ಈ ಸಂಗತಿ ಇಂದಿಗೂ ಮತ್ತೆ ಮತ್ತೆ ಸ್ಮರಣೆಗೆ ಬರುತ್ತದೆ. ಕೊನೆಗೆ ಹೋಟೆಲ್ ಬಾಗಿಲು ಮುಚ್ಚಿತು. ಕೆಲಸಗಾರರನ್ನು ಉಳಿಸಿಕೊಳ್ಳಲು ಸಂಸ್ಥೆ ಹಿಡಿದ ದಾರಿ, ಪೊಟ್ಟಣದಲ್ಲಿ ಸಿದ್ಧ ಮಿಶ್ರಣ ಹಾಗೂ ಮಸಾಲೆ ಪುಡಿಗಳ ಮಾರಾಟ.

ಇಂದಿನ ಉದ್ಯಮ ಪರಿಭಾಷೆಯಲ್ಲಿ ಇದಕ್ಕೆ ‘ಪಿವೊಟ್’ ಎಂದು ಹೆಸರು. ಹಿಡಿದ ವ್ಯವಹಾರ ನಡೆಯದಿದ್ದಾಗ, ಇರುವ ಜನ, ಜ್ಞಾನ ಮತ್ತು ಹೆಸರನ್ನು ಬಳಸಿಕೊಂಡು ಬೇರೆ ದಿಕ್ಕಿಗೆ ಹೊರಳುವುದು. ನವೋದ್ಯಮಗಳ ಜಗತ್ತಿನಲ್ಲಿ ಇದು ನಿತ್ಯದ ಮಾತಾಗಿದೆ. ಆದರೆ ಹೊರಳುವಿಕೆಯನ್ನು ಯಾರಿಗೆ, ಯಾವಾಗ, ಯಾವ ಮಾತಿನಲ್ಲಿ ತಿಳಿಸಬೇಕು ಎಂಬ ಪ್ರಶ್ನೆಗೆ ಬಹುತೇಕ ಸಂಸ್ಥಾಪಕರ ಬಳಿ ಸಿದ್ಧ ಉತ್ತರವಿಲ್ಲ. ಸಾರ್ವಜನಿಕ ಸಂಪರ್ಕ ಸಂಸ್ಥೆಗಳು ಸೂಚಿಸುವ ಮಾರ್ಗವೆಂದರೆ ಪತ್ರಿಕಾ ಹೇಳಿಕೆ, ಸಂದರ್ಶನ ಮತ್ತು ಹೊಸ ಲಾಂಛನ. ಐದು ದಶಕಗಳ ಹಿಂದಿನ ಆ ನಷ್ಟದ ಫಲಕ ಬೇರೆಯೇ ಕ್ರಮವನ್ನು ಸೂಚಿಸುತ್ತದೆ. ಬದಲಾವಣೆಯ ಬೆಲೆ ತೆರುವವರಿಗೆ ಮೊದಲು ಹೇಳಬೇಕು, ಅಂಕಿ ಸಮೇತ ಹೇಳಬೇಕು. ಪ್ರಚಾರವೇನಿದ್ದರೂ ಅದರ ನಂತರ.

ಫಲಕವನ್ನು ಜನ ನಂಬಿದ್ದೇಕೆ?

ಎಂಟಿಆರ್‌ನ ಕತೆ ಆರಂಭವಾಗುವುದು 1924ರಲ್ಲಿ, ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಹೆಸರಿನಲ್ಲಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ತಲೆದೋರಿದಾಗ ರವೆಯಿಂದ ಇಡ್ಲಿ ಮಾಡುವ ಪ್ರಯೋಗ ತನ್ನ ಅಡುಗೆಮನೆಯಲ್ಲೇ ನಡೆಯಿತೆಂದು ಸಂಸ್ಥೆ ಹೇಳಿಕೊಳ್ಳುತ್ತದೆ. 1951ರಲ್ಲಿ ಯುರೋಪ್ ಪ್ರವಾಸ ಕೈಗೊಂಡ ಯಜ್ಞನಾರಾಯಣ ಮಯ್ಯರು ಅಲ್ಲಿನ ಹೋಟೆಲುಗಳ ಶುಚಿತ್ವದಿಂದ ಪ್ರಭಾವಿತರಾಗಿ ಮರಳಿದರು. ಗ್ರಾಹಕರು ಅಡುಗೆಮನೆಯನ್ನು ಕಣ್ಣಾರೆ ನೋಡಬಹುದಾದ ಪದ್ಧತಿ ಬೆಳೆದದ್ದು ಈ ಹಿನ್ನೆಲೆಯಲ್ಲಿ.

ಒಲೆಯ ತನಕ ಕಣ್ಣು ಹಾಯಿಸಲು ಬಿಟ್ಟ ಹೋಟೆಲ್ ನಷ್ಟದ ಲೆಕ್ಕ ಬರೆದಾಗ ಗ್ರಾಹಕರು ಅದನ್ನು ಅನುಮಾನಿಸಲಿಲ್ಲ. ಸಂಕಟದ ದಿನ ಒಮ್ಮೆಗೇ ಪ್ರಾಮಾಣಿಕತೆಯ ಮಾತಾಡಲು ಹೊರಡುವ ಸಂಸ್ಥೆಗೂ, ಒಳ್ಳೆಯ ದಿನಗಳಲ್ಲೇ ಬಾಗಿಲು ತೆರೆದಿಟ್ಟ ಸಂಸ್ಥೆಗೂ ಇರುವ ವ್ಯತ್ಯಾಸ ಇದು.

ಹಾಗೆಂದು ಆ ಫಲಕವನ್ನು ಕೇವಲ ಮುಗ್ಧತೆಯ ಗುರುತೆಂದು ಭಾವಿಸಬೇಕಾಗಿಲ್ಲ. ಅದು ಸರ್ಕಾರದ ದರ ನೀತಿಯ ವಿರುದ್ಧ ಜಾಣ ಪ್ರತಿಭಟನೆಯೂ ಆಗಿತ್ತು, ಹೋಟೆಲಿನ ಹೆಸರನ್ನು ಮತ್ತಷ್ಟು ಎತ್ತರಿಸಿದ ಪ್ರಚಾರವೂ ಆಗಿತ್ತು. ಆದರೆ ಅದರಲ್ಲಿ ಬರೆದದ್ದು ಅಂಕಿ, ವಿಶೇಷಣವಲ್ಲ. ಮುಂದೆ ಪೊಟ್ಟಣದ ಮಿಶ್ರಣಗಳು ಅಂಗಡಿಗೆ ಬಂದಾಗ ಅದೇ ವಿಶ್ವಾಸ ಅವುಗಳ ಬೆನ್ನಿಗೆ ನಿಂತಿತು. ಹೋಟೆಲ್ 1980ರ ದಶಕದಲ್ಲಿ ಮತ್ತೆ ತೆರೆಯಿತು. ಪೊಟ್ಟಣ ಆಹಾರದ ಕಂಪನಿಯನ್ನು 2007ರಲ್ಲಿ ನಾರ್ವೆಯ ಓರ್ಕ್ಲಾ ಖರೀದಿಸಿತು. ಹೋಟೆಲ್ ಮಾತ್ರ ಮಯ್ಯರ ಕುಟುಂಬದ ಬಳಿಯೇ ಉಳಿಯಿತು.

ಚಿಕ್ಕದಿದ್ದಾಗ ಸುಲಭ, ದೊಡ್ಡದಾದಾಗ ಕಠಿಣ

ಬೆಂಗಳೂರಿನ ಇಂದಿನ ದೊಡ್ಡ ಹೆಸರುಗಳಲ್ಲಿ ಅನೇಕವು ಹುಟ್ಟಿದ್ದು ಬೇರೆ ಕೆಲಸಕ್ಕಾಗಿ. 2007ರಲ್ಲಿ ಆರಂಭವಾದ ಮಿಂತ್ರಾ ಮೊದಲು ಮಾರುತ್ತಿದ್ದುದು ಹೆಸರು, ಚಿತ್ರ ಮುದ್ರಿಸಿದ ಉಡುಗೊರೆ ವಸ್ತುಗಳನ್ನು. ಬಟ್ಟೆ ಬರೆಯ ವ್ಯಾಪಾರ ಆಮೇಲಿನದು. ಸ್ವಿಗ್ಗಿಯ ಸಂಸ್ಥಾಪಕರು 2013ರಲ್ಲಿ ಆರಂಭಿಸಿದ್ದು ಬಂಡಲ್ ಎಂಬ ಕೊರಿಯರ್ ಸೇವೆಯನ್ನು. ಅದು ನಡೆಯದಾದಾಗ 2014ರಲ್ಲಿ ಊಟ ತಿಂಡಿ ತಲುಪಿಸುವ ಕೆಲಸಕ್ಕೆ ಇಳಿದರು. ಇನ್‌ಮೊಬಿ ಮೊದಲು ಎಂ-ಖೋಜ್ ಎಂಬ ಹೆಸರಿನಲ್ಲಿ ಎಸ್ಸೆಮ್ಮೆಸ್ ಮೂಲಕ ಮಾಹಿತಿ ಹುಡುಕಿಕೊಡುತ್ತಿತ್ತು. ಆ ದಿನಗಳಲ್ಲಿ ನೌಕರರು ಬೆರಳೆಣಿಕೆಯಷ್ಟು, ಗ್ರಾಹಕರು ಅಲ್ಪ. ಹೊರಳಿದ್ದು ಯಾರ ಗಮನಕ್ಕೂ ಬರಲಿಲ್ಲ, ಯಾರ ಊಟವನ್ನೂ ಕಸಿಯಲಿಲ್ಲ.

ಸಂಸ್ಥೆ ದೊಡ್ಡದಾದ ಮೇಲೆ ಲೆಕ್ಕವೇ ಬೇರೆ. 2015ರ ಮೇ ತಿಂಗಳಲ್ಲಿ ಮಿಂತ್ರಾ ತನ್ನ ಜಾಲತಾಣವನ್ನು ಮುಚ್ಚಿ, ಇನ್ನು ಮುಂದೆ ಮೊಬೈಲ್ ಆ್ಯಪ್ ಮೂಲಕ ಮಾತ್ರ ವ್ಯಾಪಾರ ಎಂದು ಘೋಷಿಸಿತು. ಗ್ರಾಹಕರಲ್ಲಿ ಹೆಚ್ಚಿನವರು ಮೊಬೈಲ್‌ನಿಂದಲೇ ಬರುತ್ತಿದ್ದಾರೆ ಎಂಬುದು ನೀಡಿದ ಕಾರಣ. ಘೋಷಣೆಗೆ ದೊರೆತ ಪ್ರಚಾರ ಅಪಾರ. ಆದರೆ ಕಂಪ್ಯೂಟರ್ ಮುಂದೆ ಕುಳಿತು ಕೊಳ್ಳುತ್ತಿದ್ದ ಗ್ರಾಹಕನಿಗೆ ಇದರಿಂದ ಏನು ಲಾಭವೆಂಬುದಕ್ಕೆ ಸಮಾಧಾನಕರ ಉತ್ತರ ದೊರೆಯಲಿಲ್ಲ. ವರ್ಷ ತುಂಬಿದ ಬಳಿಕ, 2016ರ ಜೂನ್ 1ರಂದು ಜಾಲತಾಣ ಮರಳಿ ಬಂತು. ಕಂಪನಿಯ ಕಡೆಯಿಂದ ನೋಡಿದರೆ ತರ್ಕಬದ್ಧವೆನಿಸುವ ಬದಲಾವಣೆ ಗ್ರಾಹಕನ ಕಡೆಯಿಂದ ನೋಡಿದಾಗ ಬರೀ ಅನನುಕೂಲವಾಗಿ ಕಾಣಬಹುದು ಎಂಬುದಕ್ಕೆ ಇದು ನಿದರ್ಶನ.

ಅಮೆರಿಕದ ನೆಟ್‌ಫ್ಲಿಕ್ಸ್ 2011ರಲ್ಲಿ ಇದಕ್ಕಿಂತ ದುಬಾರಿ ಪಾಠ ಕಲಿಯಿತು. ಅಂಚೆಯಲ್ಲಿ ಡಿವಿಡಿ ಕಳುಹಿಸುವ ಸೇವೆಯನ್ನು ಅಂತರ್ಜಾಲದ ಚಿತ್ರ ಪ್ರದರ್ಶನದಿಂದ ಬೇರ್ಪಡಿಸಿ ದರ ಏರಿಸಿದ ಕಂಪನಿ, ಸೆಪ್ಟೆಂಬರ್‌ನಲ್ಲಿ ಡಿವಿಡಿ ಸೇವೆಗೆ ಕ್ವಿಕ್‌ಸ್ಟರ್ ಎಂಬ ಹೊಸ ಹೆಸರನ್ನು ಪ್ರಕಟಿಸಿತು. ಮೂರೇ ವಾರಗಳಲ್ಲಿ ಆ ಯೋಜನೆಯನ್ನು ಕೈಬಿಡಬೇಕಾಯಿತು. ಆ ತ್ರೈಮಾಸಿಕದಲ್ಲಿ ಅಮೆರಿಕದಲ್ಲೇ ಸುಮಾರು 8 ಲಕ್ಷ ಚಂದಾದಾರರು ದೂರವಾದರು. ದಿಕ್ಕು ಸರಿಯಾಗಿತ್ತೆಂಬುದನ್ನು ಮುಂದಿನ ವರ್ಷಗಳು ಸಾಬೀತುಪಡಿಸಿದವು. ಹೇಳಿದ ರೀತಿ ತಪ್ಪಾಗಿತ್ತು.

ಇದಕ್ಕೆ ಪ್ರತಿಯಾಗಿ ಇನ್ನೊಂದು ಉದಾಹರಣೆಯಿದೆ. ಗ್ಲಿಚ್ ಎಂಬ ಅಂತರ್ಜಾಲ ಆಟವನ್ನು ನಡೆಸುತ್ತಿದ್ದ ಟೈನಿ ಸ್ಪೆಕ್ ಕಂಪನಿ 2012ರಲ್ಲಿ ಅದನ್ನು ನಿಲ್ಲಿಸಿತು. ಆಟಗಾರರಿಗೆ ಹಣ ಮರಳಿಸುವ ವ್ಯವಸ್ಥೆ ಮಾಡಿತು. ಕೆಲಸ ಕಳೆದುಕೊಂಡವರ ಪರಿಚಯವನ್ನು ತನ್ನದೇ ಜಾಲತಾಣದಲ್ಲಿ ಪ್ರಕಟಿಸಿ ಬೇರೆಡೆ ನೌಕರಿ ಹುಡುಕಲು ನೆರವಾಯಿತು. ತಮ್ಮ ತಂಡದೊಳಗಿನ ಸಂವಹನಕ್ಕೆಂದು ಮಾಡಿಕೊಂಡಿದ್ದ ಸಾಧನವನ್ನೇ ಮುಂದೆ ಸ್ಲ್ಯಾಕ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 2021ರಲ್ಲಿ ಸೇಲ್ಸ್‌ಫೋರ್ಸ್ ಅದನ್ನು ಸುಮಾರು 2,770 ಕೋಟಿ ಡಾಲರಿಗೆ ಖರೀದಿಸಿತು. ಹಳೆಯದನ್ನು ಮರ್ಯಾದೆಯಿಂದ ಮುಚ್ಚಿದವರಿಗೆ ಹೊಸದನ್ನು ತೆರೆಯುವಾಗ ಹಳೆಯ ದೂರುಗಳು ಅಡ್ಡ ಬರುವುದಿಲ್ಲ.

ಮೌನದ ಬೆಲೆ

ಬೆಂಗಳೂರಿನ ಡನ್ಜೋ ವಾಟ್ಸ್‌ಆ್ಯಪ್‌ನಲ್ಲಿ ಕೋರಿಕೆ ಪಡೆದು ಚಿಲ್ಲರೆ ಕೆಲಸ ಮಾಡಿಕೊಡುವ ಸೇವೆಯಾಗಿ ಆರಂಭಗೊಂಡು, ನಂತರ ಸ್ವಂತ ದಾಸ್ತಾನು ಕೇಂದ್ರಗಳಿಂದ ಕ್ಷಿಪ್ರವಾಗಿ ದಿನಸಿ ತಲುಪಿಸುವ ವ್ಯಾಪಾರಕ್ಕೆ ಹೊರಳಿತು. 2022ರ ಜನವರಿಯಲ್ಲಿ ರಿಲಯನ್ಸ್‌ನ ದೊಡ್ಡ ಹೂಡಿಕೆ ಸುದ್ದಿಯಾಯಿತು. 2023ರಲ್ಲಿ ಸಂಬಳ ತಡವಾಗುತ್ತಿರುವ ಸುದ್ದಿಯೂ ಪತ್ರಿಕೆಗಳಲ್ಲಿ ಬಂತು. 2025ರ ಜನವರಿಯಲ್ಲಿ ಆ್ಯಪ್ ಸ್ಥಗಿತಗೊಂಡಿತು. ಇದಕ್ಕೆ ಹೋಲಿಸಿದರೆ, ಕನ್ನಡದಲ್ಲೇ ಮೊದಲು ಆರಂಭಗೊಂಡ ಕೂ ಜಾಲತಾಣದ ಸಂಸ್ಥಾಪಕರಾದ ಅಪ್ರಮೇಯ ರಾಧಾಕೃಷ್ಣ ಮತ್ತು ಮಯಾಂಕ್ ಬಿಡವಟ್ಕಾ 2024ರ ಜುಲೈನಲ್ಲಿ ಸೇವೆ ನಿಲ್ಲಿಸುವಾಗ ಸಹಿ ಹಾಕಿದ ಬಹಿರಂಗ ಪತ್ರ ಬರೆದರು. ದೊಡ್ಡ ಸಂಸ್ಥೆಗಳೊಂದಿಗಿನ ಮಾತುಕತೆ ಫಲಿಸಲಿಲ್ಲ, ಸೇವೆ ನಡೆಸುವ ತಾಂತ್ರಿಕ ವೆಚ್ಚ ಭರಿಸಲಾಗಲಿಲ್ಲ ಎಂಬ ಕಾರಣಗಳನ್ನು ಅದರಲ್ಲಿ ನೀಡಿದರು. ಸೋಲನ್ನು ಸೋಲೆಂದೇ ಕರೆದದ್ದರಿಂದ ಊಹಾಪೋಹಗಳಿಗೆ ಎಡೆ ಕಡಿಮೆಯಾಯಿತು.

ಬಹುತೇಕ ಹೇಳಿಕೆಗಳು ಹೀಗಿರುವುದಿಲ್ಲ. ‘ಪುನರ್‌ರಚನೆ’, ‘ಆದ್ಯತೆಗಳ ಮರುಹೊಂದಾಣಿಕೆ’, ‘ಹೊಸ ಅಧ್ಯಾಯ’ ಮುಂತಾದ ಪದಗಳು ತುಂಬಿರುತ್ತವೆ. ಎಷ್ಟು ಜನರ ಕೆಲಸ ಹೋಯಿತು, ಬಾಕಿ ಯಾವಾಗ ಸಂದಾಯವಾಗುತ್ತದೆ ಎಂಬುದಿರುವುದಿಲ್ಲ. ಹೇಳಿಕೆಯನ್ನು ಹೂಡಿಕೆದಾರರ ಕಣ್ಣಿನಿಂದ ಬರೆಯುವುದೇ ಇದಕ್ಕೆ ಕಾರಣ. ಮುಂದಿನ ಸುತ್ತಿನ ಬಂಡವಾಳಕ್ಕೆ ಧಕ್ಕೆಯಾಗಬಾರದೆಂಬ ಆತಂಕ ಪ್ರತಿ ವಾಕ್ಯದಲ್ಲೂ ಇಣುಕುತ್ತದೆ. ಕುಂದಾಪುರದಿಂದ ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದ ಯುವಕನಿಗೆ ತನ್ನ ವಿಭಾಗ ಮುಚ್ಚಿದ ವಿಷಯ ಸಹೋದ್ಯೋಗಿಯ ಮೊಬೈಲ್‌ನಲ್ಲಿ ಬಂದ ಸುದ್ದಿ ತುಣುಕಿನಿಂದ ತಿಳಿಯುವಂತಾದರೆ, ಆ ಸಂಸ್ಥೆಯ ಹೊಸ ದಿಕ್ಕಿನ ಬಗ್ಗೆ ಊರಿನಲ್ಲಿ ಆತ ಹೇಳುವ ಮಾತನ್ನು ಯಾವ ಜಾಹೀರಾತೂ ಅಳಿಸಲಾರದು.

ಗುಟ್ಟು ಎಲ್ಲಿಯವರೆಗೆ?

ಸಂಸ್ಥಾಪಕರ ವಾದವನ್ನೂ ತಳ್ಳಿಹಾಕುವಂತಿಲ್ಲ. ಮಾತುಕತೆ ನಡೆಯುತ್ತಿರುವಾಗಲೇ ಎಲ್ಲವನ್ನೂ ಬಹಿರಂಗಪಡಿಸಿದರೆ ಪ್ರತಿಸ್ಪರ್ಧಿಗಳು ಎಚ್ಚೆತ್ತುಕೊಳ್ಳುತ್ತಾರೆ. ಉತ್ತಮ ಕೆಲಸಗಾರರು ಬೇರೆಡೆ ಹೊರಡುತ್ತಾರೆ. ಪೂರೈಕೆದಾರರು ಸಾಲ ಕೊಡುವುದನ್ನು ನಿಲ್ಲಿಸುತ್ತಾರೆ. ಉಳಿಯಬಹುದಾಗಿದ್ದ ಸಂಸ್ಥೆಯೂ ಅದರಿಂದ ಮುಳುಗಬಹುದು. ಆದ್ದರಿಂದ ನಿರ್ಧಾರಕ್ಕೆ ಮೊದಲಿನ ಗುಟ್ಟು ಸಹಜ. ನಿರ್ಧಾರವಾದ ಮೇಲಿನ ಗುಟ್ಟಿಗೆ ಆ ಸಮರ್ಥನೆ ಇಲ್ಲ. ಆ ಬಳಿಕ ಪೂರೈಕೆದಾರ ಕಳುಹಿಸುವ ಪ್ರತಿಯೊಂದು ಸರಕೂ ಅವನಿಗೆ ಗೊತ್ತಿಲ್ಲದ ಅಪಾಯವನ್ನು ಅವನ ತಲೆಗೆ ಕಟ್ಟುತ್ತದೆ.

ಕಾನೂನು ಈ ವಿಚಾರದಲ್ಲಿ ಅರ್ಧ ದಾರಿ ಮಾತ್ರ ಕ್ರಮಿಸಿದೆ. 2013ರ ಕಂಪನಿ ಕಾಯ್ದೆಯ 13ನೇ ಕಲಮಿನ ಪ್ರಕಾರ, ವಿವರಣಾ ಪತ್ರದ ಮೂಲಕ ಸಾರ್ವಜನಿಕರಿಂದ ಹಣ ಎತ್ತಿ ಅದನ್ನು ಪೂರ್ಣ ಬಳಸದ ಕಂಪನಿ, ಹಣ ಎತ್ತಿದ ಉದ್ದೇಶವನ್ನು ಬದಲಿಸಬೇಕಾದರೆ ಷೇರುದಾರರ ವಿಶೇಷ ನಿರ್ಣಯ ಬೇಕು. ಬದಲಾವಣೆಯ ಸಮರ್ಥನೆಯನ್ನು ಒಂದು ಇಂಗ್ಲಿಷ್ ಹಾಗೂ ಒಂದು ಸ್ಥಳೀಯ ಭಾಷೆಯ ಪತ್ರಿಕೆಯಲ್ಲಿ ಪ್ರಕಟಿಸಬೇಕು. ಒಪ್ಪದ ಷೇರುದಾರರಿಗೆ ಹೊರನಡೆಯಲು ಅವಕಾಶ ನೀಡಬೇಕು. ಷೇರುಪೇಟೆಯ ಕಂಪನಿಗಳು ಪ್ರತಿ ತ್ರೈಮಾಸಿಕದ ಲಾಭ ನಷ್ಟವನ್ನೂ ಬಹಿರಂಗಪಡಿಸಬೇಕು. ಎಂಟಿಆರ್ ಹೆಸರಿನ ಒಡೆತನ ಹೊಂದಿರುವ ಓರ್ಕ್ಲಾ ಇಂಡಿಯಾ 2025ರ ನವೆಂಬರ್‌ನಲ್ಲಿ ಷೇರುಪೇಟೆ ಪ್ರವೇಶಿಸಿದ್ದು, ಈ ನಿಯಮ ಅದಕ್ಕೂ ಅನ್ವಯಿಸುತ್ತದೆ. ಅಂದು ಹೋಟೆಲ್ ಸ್ವಇಚ್ಛೆಯಿಂದ ಫಲಕದಲ್ಲಿ ಬರೆದದ್ದನ್ನು ಇಂದು ಕಾನೂನೇ ಕೇಳುತ್ತಿದೆ.

ಆದರೆ ಹೆಚ್ಚಿನ ನವೋದ್ಯಮಗಳು ಖಾಸಗಿ ಕಂಪನಿಗಳು. ಅವುಗಳ ಬಂಡವಾಳ ಬರುವುದು ಕೆಲವೇ ಹೂಡಿಕೆದಾರರಿಂದ. ಹಾಗಾಗಿ ಪತ್ರಿಕಾ ಪ್ರಕಟಣೆಯ ಈ ಬಾಧ್ಯತೆ ಅವಕ್ಕಿಲ್ಲ. ಹೂಡಿಕೆದಾರನ ರಕ್ಷಣೆಗೆ ಒಪ್ಪಂದವಿದೆ, ನೌಕರನ ರಕ್ಷಣೆ ದುರ್ಬಲ. ಈ ಅಂತರವನ್ನು ತುಸು ತುಂಬುವ ಪ್ರಯತ್ನ ಕರ್ನಾಟಕದಲ್ಲಿ ನಡೆದಿದೆ. 2025ರಲ್ಲಿ ಜಾರಿಗೆ ಬಂದ ಗಿಗ್ ಕಾರ್ಮಿಕರ ಕಾಯ್ದೆಯು ಆ್ಯಪ್ ಆಧಾರಿತ ಕಾರ್ಮಿಕರನ್ನು ಕೈಬಿಡುವ ಮುನ್ನ ಲಿಖಿತ ಕಾರಣ ಮತ್ತು 14 ದಿನಗಳ ಮುನ್ಸೂಚನೆ ನೀಡಬೇಕೆನ್ನುತ್ತದೆ.

ಕರಾವಳಿಯ ಲೆಕ್ಕ

ಈ ಚರ್ಚೆ ಬೆಂಗಳೂರಿಗೆ ಸೀಮಿತವಲ್ಲ. ಉಡುಪಿಯಲ್ಲಿ 1996ರಲ್ಲಿ ರೋಹಿತ್ ಭಟ್ ಸ್ಥಾಪಿಸಿದ ರೋಬೋಸಾಫ್ಟ್, ಆ್ಯಪಲ್ ಕಂಪ್ಯೂಟರುಗಳ ತಂತ್ರಾಂಶದಿಂದ ಆರಂಭಿಸಿ ಮೊಬೈಲ್ ಆ್ಯಪ್‌ಗಳ ಕಡೆಗೆ ಹೊರಳಿ ಬೆಳೆಯಿತು. 2021ರಲ್ಲಿ ಜಪಾನಿನ ಟೆಕ್ನೋಪ್ರೊ ಅದನ್ನು 805 ಕೋಟಿ ರೂಪಾಯಿಗೆ ಖರೀದಿಸಿತು. ಮಣಿಪಾಲದಲ್ಲಿ ನವೋದ್ಯಮಗಳ ಪೋಷಣಾ ಕೇಂದ್ರವಿದೆ. ಬೆಂಗಳೂರಿನಾಚೆಗೂ ತಂತ್ರಜ್ಞಾನ ಉದ್ಯಮಗಳನ್ನು ಬೆಳೆಸುವ ರಾಜ್ಯ ಸರ್ಕಾರದ ಯೋಜನೆಯಲ್ಲಿ ಮಂಗಳೂರು ವಲಯ ಸೇರಿದೆ.

ಮಹಾನಗರದಲ್ಲಿ ಒಂದು ಕಂಪನಿ ಬಿಟ್ಟವನಿಗೆ ಮುಂದಿನ ರಸ್ತೆಯಲ್ಲಿ ಇನ್ನೊಂದು ಸಿಗಬಹುದು. ಉಡುಪಿ, ಬ್ರಹ್ಮಾವರ, ಕುಂದಾಪುರಗಳಲ್ಲಿ ಅಷ್ಟು ಆಯ್ಕೆಗಳಿಲ್ಲ. ಇಲ್ಲಿ ನೌಕರನ ತಂದೆ, ಸಂಸ್ಥೆಗೆ ಕಟ್ಟಡ ಬಾಡಿಗೆ ಕೊಟ್ಟವರು, ಸಾಲ ಮಂಜೂರು ಮಾಡಿದ ಬ್ಯಾಂಕಿನವರು ಒಂದೇ ಜಾತ್ರೆಯಲ್ಲಿ ಎದುರಾಗುತ್ತಾರೆ. ಪತ್ರಿಕಾ ಹೇಳಿಕೆಗಿಂತ ಮೊದಲೇ ಸುದ್ದಿ ಊರು ಸುತ್ತಿರುತ್ತದೆ. ಇಂಥಲ್ಲಿ ಸಾರ್ವಜನಿಕ ಸಂಪರ್ಕವೆಂದರೆ ದುಬಾರಿ ಸಲಹೆಗಾರರಲ್ಲ. ಸಂಸ್ಥಾಪಕರೇ ಎದುರು ನಿಂತು ಹೇಳುವ ಮಾತು.

ಆ ಮಾತಿನಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರವಿದ್ದರೆ ಸಾಕು. ಹಳೆಯ ವ್ಯವಹಾರ ಏಕೆ ನಡೆಯಲಿಲ್ಲ, ಎಷ್ಟು ನಷ್ಟವಾಯಿತು? ಇದರಿಂದ ಯಾರ ಕೆಲಸ, ಯಾರ ಬಾಕಿ ಏನಾಗುತ್ತದೆ, ಯಾವ ದಿನಾಂಕದೊಳಗೆ? ಹೊಸ ದಾರಿಯಲ್ಲಿ ಹಳಬರಿಗೆ ಸ್ಥಾನವಿದೆಯೇ? ಮೊದಲು ನೌಕರರು, ಅದೇ ದಿನ ಪೂರೈಕೆದಾರರು ಮತ್ತು ಗ್ರಾಹಕರು, ಕೊನೆಗೆ ಪತ್ರಿಕೆಗಳು ಎಂಬ ಕ್ರಮದಲ್ಲಿ ಉತ್ತರ ತಲುಪಬೇಕು. ಈ ಕ್ರಮ ತಲೆಕೆಳಗಾದಾಗ ಪ್ರಚಾರ ದೊರೆಯುತ್ತದೆ, ವಿಶ್ವಾಸ ಕಳೆದುಹೋಗುತ್ತದೆ.

ಪಾರಂಪಳ್ಳಿಯ ಕುಟುಂಬ ಈ ಮೂರೂ ಪ್ರಶ್ನೆಗಳಿಗೆ ಉತ್ತರಿಸಿತ್ತು: ನಷ್ಟವನ್ನು ಬರೆದು ತೋರಿಸಿತು, ಕೆಲಸಗಾರರಿಗೆ ಬೇರೆ ಕೆಲಸ ಸೃಷ್ಟಿಸಿತು, ಹಳೆಯ ರುಚಿಯನ್ನೇ ಪೊಟ್ಟಣಕ್ಕೆ ತುಂಬಿತು. ಅದಕ್ಕೆ ತಗುಲಿದ ಪ್ರಚಾರ ವೆಚ್ಚ ಒಂದು ಫಲಕ ಮತ್ತು ಬರೆಯುವ ಬಳಪದ್ದಷ್ಟೇ.