ಗುಟ್ಟಿನ ಕಡತಕ್ಕೆ ಗಡುವು ಬೇಕು



ಒಂದು ಸರ್ಕಾರವು ತನ್ನ ರಾಯಭಾರಿಗಳೊಡನೆಯೋ ಇನ್ನೊಂದು ಸರ್ಕಾರದೊಡನೆಯೋ ಗುಟ್ಟಾಗಿ ನಡೆಸಿದ ಪತ್ರವ್ಯವಹಾರವನ್ನು ಅನುಮತಿಯಿಲ್ಲದೆ ಬಯಲಿಗಿಡುವುದು ದೇಶದ್ರೋಹವೋ ಜನಸೇವೆಯೋ ಎಂಬ ಚರ್ಚೆಯು ಕನ್ನಡದ ಪತ್ರಿಕೆಗಳಲ್ಲಿ ಆಗಾಗ ಏಳುತ್ತದೆಯಾದರೂ, ಅದು ಬಹುಮಟ್ಟಿಗೆ ಸೋರಿಸಿದವರ ಗುಣಾವಗುಣಗಳ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಡತಕ್ಕೆ ಬೀಗ ಹಾಕಿದವರ ಹೊಣೆಯೇನು, ಆ ಬೀಗ ಎಷ್ಟು ವರ್ಷ ಇರಬೇಕು ಎಂದು ಕೇಳುವವರು ಕಡಿಮೆ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳ ಜನರ ಮಟ್ಟಿಗೆ ಈ ಪ್ರಶ್ನೆ ತಮ್ಮದೇ ಹೊಲದ ಬದುವಿನಷ್ಟು ಹತ್ತಿರದ್ದು. ಆದ್ದರಿಂದ ಸೋರಿಕೆಯನ್ನಷ್ಟೇ ಖಂಡಿಸಿ ಕೈತೊಳೆದುಕೊಳ್ಳುವ ವಾದಕ್ಕೆ ಇಲ್ಲಿಂದ ಒಂದು ಆಕ್ಷೇಪ ಸಲ್ಲಬೇಕಾಗಿದೆ.

1948ರಲ್ಲಿ ಈ ಸೀಮೆ ನಿಜಾಮನ ಹೈದರಾಬಾದ್ ಸಂಸ್ಥಾನದ ಗುಲಬರ್ಗಾ ಜಿಲ್ಲೆಯ ಪಡುವಣ ಅಂಚಾಗಿತ್ತು. ಒಂದು ಕಡೆ ಸೊಲ್ಲಾಪುರ, ಭೀಮಾ ಹೊಳೆಯಾಚೆ ಇಂಡಿ, ಸಿಂದಗಿ. ಅವೆಲ್ಲ ಮುಂಬಯಿ ಪ್ರಾಂತಕ್ಕೆ, ಎಂದರೆ ಸ್ವತಂತ್ರ ಭಾರತಕ್ಕೆ ಸೇರಿದ್ದವು. 1947ರ ನವೆಂಬರ್ 29ರಂದು ಆದ ಯಥಾಸ್ಥಿತಿ ಒಪ್ಪಂದದಂತೆ, ವಿಲೀನದ ಮಾತನ್ನು ಒಂದು ವರ್ಷ ಮುಂದೂಡಿ ಹಳೆಯ ಸಂಬಂಧಗಳನ್ನು ಇದ್ದಂತೆಯೇ ಉಳಿಸಿಕೊಳ್ಳಲು ಎರಡೂ ಸರ್ಕಾರಗಳು ಒಪ್ಪಿದ್ದುದರಿಂದ, ದೆಹಲಿ ಮತ್ತು ಹೈದರಾಬಾದಿನ ನಡುವಣ ಕಾಗದಪತ್ರಗಳು ಎರಡು ರಾಜ್ಯಶಕ್ತಿಗಳ ನಡುವಣ ಕಾಗದಪತ್ರಗಳಂತೆಯೇ ನಡೆದವು. ಭಾರತದ ಪ್ರತಿನಿಧಿಯಾಗಿ ಕೆ.ಎಂ. ಮುನ್ಷಿ ಹೈದರಾಬಾದಿನಲ್ಲಿ ಕುಳಿತರು. 1948ರ ಆಗಸ್ಟ್ 21ರಂದು ನಿಜಾಮನ ಸರ್ಕಾರ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಸಂಸ್ಥಾನದ ಮೇಲೆ ಸೆಪ್ಟೆಂಬರ್ 13ರಿಂದ 17ರವರೆಗೆ ನಡೆಸಿದ ಸೇನಾ ಕಾರ್ಯಾಚರಣೆಯನ್ನು ಭಾರತ ಸರ್ಕಾರ ‘ಪೊಲೀಸ್ ಕಾರ್ಯಾಚರಣೆ’ ಎಂದು ಕರೆದದ್ದಕ್ಕೂ, ಅದು ಆಂತರಿಕ ವಿಷಯವೆಂದು ಹೊರದೇಶಗಳಿಗೆ ಮನವರಿಕೆ ಮಾಡಿಕೊಡಬೇಕಾದ ಅಗತ್ಯ ಕಾರಣವಾಗಿತ್ತು. ಕಲಬುರಗಿಯ ಹಿರಿಯರ ಬಾಯಲ್ಲಿ ಅದು ಇಂದಿಗೂ ‘ಪೊಲೀಸ್ ಆ್ಯಕ್ಷನ್’ ಆಗಿಯೇ ಉಳಿದಿದೆ.

ಆ ಕಾರ್ಯಾಚರಣೆಗೆ ಮುಂಚೆ ಕಾಸಿಂ ರಜ್ವಿಯ ನೇತೃತ್ವದ ನಿಜಾಮ ಪರ ಸಶಸ್ತ್ರ ಪಡೆಯಾದ ರಜಾಕಾರರು ಹಳ್ಳಿಹಳ್ಳಿಗಳನ್ನು ಸುಲಿದರು, ಸುಟ್ಟರು, ಕೊಂದರು. ಕಾರ್ಯಾಚರಣೆಯ ಹೊತ್ತಿನಲ್ಲಿ ಮತ್ತು ಅನಂತರ ಮುಸ್ಲಿಮರ ಮೇಲೆ ಸೇಡಿನ ಹಲ್ಲೆಗಳು ನಡೆದವು. ಈ ಎರಡನೆಯದನ್ನು ನೋಡಿಬರಲು ನೆಹರೂ ಅವರ ಇಚ್ಛೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮತ್ತು ಮೌಲಾನಾ ಅಬ್ದುಲ್ಲಾ ಮಿಸ್ರಿ ಎಂಬ ಮೂವರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದ 16 ಜಿಲ್ಲೆಗಳ ಪೈಕಿ ಒಂಬತ್ತರಲ್ಲಿ ಸುತ್ತಿತು. ತಾನು ಕಾಲಿಡಲಾಗದ 109 ಹಳ್ಳಿಗಳಿಂದಲೂ 500ಕ್ಕೂ ಹೆಚ್ಚು ಜನರನ್ನು ಕರೆಸಿ ಮಾತನಾಡಿಸಿತು. ಅತ್ಯಂತ ಕಡಿಮೆಯ ಅಂದಾಜಿನಲ್ಲೂ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕೆಂದೂ, ಅತಿ ಹೆಚ್ಚು ನೊಂದ ಉಸ್ಮಾನಾಬಾದ್, ಗುಲಬರ್ಗಾ, ಬೀದರ್, ನಾಂದೇಡ್ ಈ ನಾಲ್ಕು ಜಿಲ್ಲೆಗಳಲ್ಲೇ ಆ ಸಂಖ್ಯೆ 18 ಸಾವಿರಕ್ಕೆ ಕಡಿಮೆಯಿರಲಾರದೆಂದೂ ಅದು ಬರೆಯಿತು. ತಂಡಕ್ಕೆ ಇಂಥ ವಿಚಾರಣೆಯ ಅಧಿಕಾರವನ್ನು ಸರ್ಕಾರ ಕೊಟ್ಟೇ ಇರಲಿಲ್ಲವೆಂದು ಸರ್ದಾರ್ ಪಟೇಲರು 1949ರ ಜನವರಿಯಲ್ಲಿ ಆಕ್ಷೇಪಿಸಿದರು. ವರದಿ ಕಪಾಟು ಸೇರಿತು.

ಆ ಹೊತ್ತಿಗೆ ಅದನ್ನು ಬಯಲು ಮಾಡದೆ ಇಟ್ಟದ್ದು ತಪ್ಪೆಂದು ಹೇಳಲಾಗದು ಎಂಬುದನ್ನು ಪಾರದರ್ಶಕತೆಯ ಪರವಾಗಿ ವಾದಿಸುವವರು ಒಪ್ಪಿಕೊಳ್ಳಬೇಕು. ನೂರಾರು ಹಳ್ಳಿಗರು ತಂಡದ ಮುಂದೆ ಬಾಯಿಬಿಟ್ಟು, ಕೊಂದವರನ್ನೂ ಕಂಡವರನ್ನೂ ಗುರುತಿಸಿ, ಮತ್ತೆ ಅದೇ ಊರಿಗೆ, ಅದೇ ಓಣಿಗೆ ಮರಳಿದ್ದರು. ಅವರ ಮಾತು 1949ರಲ್ಲಿ ಅಚ್ಚಾಗಿದ್ದರೆ ಮರುದಿನವೇ ಅವರ ಮನೆಯ ಕದ ತಟ್ಟುವವರಿರುತ್ತಿದ್ದರು. ನಿಜಾಮ ತನ್ನ ದೂರನ್ನು ಹಿಂತೆಗೆದುಕೊಂಡ ಮೇಲೂ ಭದ್ರತಾ ಮಂಡಳಿಯ ಪಟ್ಟಿಯಿಂದ ಹೈದರಾಬಾದಿನ ವಿಷಯ ಇಳಿಯದೆ ಇದ್ದುದರಿಂದ, ಹೊರಗಿನವರು ಅದನ್ನು ಬಳಸಿಕೊಳ್ಳಬಹುದೆಂಬ ಅಳುಕು ದೆಹಲಿಗೆ ಇದ್ದಿರಬಹುದು. ಆ ಅಳುಕನ್ನೂ ಹುಸಿಯೆಂದು ತಳ್ಳಿಹಾಕುವಂತಿಲ್ಲ. ಆದರೆ ಈ ಕಾರಣಗಳಿಗೆ ಆಯುಷ್ಯವಿದೆ. ಸಾಕ್ಷಿ ಹೇಳಿದವರೂ ಆಪಾದಿತರೂ ಕಾಲವಾದ ಮೇಲೆ, ಸಂಸ್ಥಾನವೇ 1956ರಲ್ಲಿ ಮೂರು ರಾಜ್ಯಗಳಲ್ಲಿ ಹಂಚಿಹೋದ ಮೇಲೆ, ಗುಟ್ಟು ಕಾಪಾಡುತ್ತಿದ್ದುದು ಹಳ್ಳಿಗನ ಜೀವವನ್ನಲ್ಲ, ಸರ್ಕಾರದ ಮುಜುಗರವನ್ನು.

ವರದಿ ದೆಹಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಓದುಗರಿಗೆ ದೊರೆತದ್ದು 2013ರಲ್ಲಿ, ಸುಮಾರು 65 ವರ್ಷಗಳ ತರುವಾಯ. ಅದಕ್ಕೂ ಮುನ್ನ ಅದರ ಭಾಗಗಳು ಅನಧಿಕೃತವಾಗಿಯೇ ಹೊರಬಂದಿದ್ದವು: 1988ರಲ್ಲಿ ಓಮರ್ ಖಾಲಿದಿ ಸಂಪಾದಿಸಿದ ಪುಸ್ತಕದಲ್ಲಿ, 2001ರಲ್ಲಿ ‘ಫ್ರಂಟ್‌ಲೈನ್’ ಪಾಕ್ಷಿಕದಲ್ಲಿ ಎ.ಜಿ. ನೂರಾನಿ ಅವರ ಬರಹದ ಮೂಲಕ. ಇವರನ್ನು ದೂರುವುದು ಸುಲಭ, ಆದರೆ ಇವರು ಬರೆಯದಿದ್ದರೆ ಕಪಾಟು ತೆರೆಯುವ ಒತ್ತಡ ಯಾರಿಂದ ಬರುತ್ತಿತ್ತು? ಹಾಗೆಂದು ತುಣುಕುಗಳಾಗಿ ಸೋರುವುದರ ಕೆಡುಕು ಸಣ್ಣದಲ್ಲ. ಸತ್ತವರ ಸಂಖ್ಯೆಯನ್ನು ಎತ್ತಿ ಹೇಳುವವರು, ರಜಾಕಾರರು ಪ್ರತಿ ಊರಿನ ಮೇಲೂ ತಿಂಗಳ ವಂತಿಗೆ ಹೇರುತ್ತಿದ್ದರು, ಕೊಟ್ಟ ಊರು ಉಳಿಯುತ್ತಿತ್ತು, ಎದುರಿಸಿದ ಊರು ಲೂಟಿಯಾಗುತ್ತಿತ್ತು ಎಂದು ಅದೇ ವರದಿ ಹೇಳುವುದನ್ನು ಬಿಟ್ಟುಬಿಡುತ್ತಾರೆ. ರಜಾಕಾರರ ಹಾವಳಿಯನ್ನಷ್ಟೇ ನೆನೆಯುವವರು ಸಂಖ್ಯೆಯನ್ನು ನುಂಗುತ್ತಾರೆ. ಇಬ್ಬರೂ ಬಿಡುವ ಮೂರನೆಯ ಸಂಗತಿಯೊಂದಿದೆ. ಕೆಲವೆಡೆ ಹಿಂದೂ ನೇಕಾರರು ತಮ್ಮ ಕಸುಬಿನ ಮುಸ್ಲಿಂ ನೇಕಾರರನ್ನು ಹಿಂದೂ ಗುಂಪುಗಳಿಂದಲೇ ಕಾಪಾಡಲು ನಿಂತು ಪ್ರಾಣವನ್ನೂ ತೆತ್ತರೆಂದು, ಅಪಹೃತ ಹೆಂಗಸರನ್ನು ಹುಡುಕಿ ತರಲು ಅನೇಕ ಹಿಂದೂಗಳು ನೆರವಾದರೆಂದು ವರದಿ ಬರೆದಿದೆ. ಸರ್ಕಾರ ತಾನಾಗಿ ಪೂರ್ತಿ ಪಾಠವನ್ನು ಪ್ರಕಟಿಸಿದ್ದರೆ, ಲಾಡ್ಲೆ ಮಶಾಯಕರ ದರ್ಗಾ ಇರುವ ಆಳಂದದಲ್ಲಿ ಈ ನೇಕಾರರ ಸಂಗತಿ ಮಕ್ಕಳ ಪಾಠವಾಗಿ ಎರಡು ತಲೆಮಾರು ಕಳೆದಿರುತ್ತಿತ್ತು. ಬದಲಿಗೆ, ಸತ್ತವರು ಎರಡು ಲಕ್ಷವೆಂಬ ಮಾತೂ ಏನೂ ನಡೆದೇ ಇಲ್ಲವೆಂಬ ಮಾತೂ ಒಂದೇ ಸಂತೆಯಲ್ಲಿ ಓಡಾಡಿದವು.

ಸೋರಿಕೆಯ ನೀತಿಯನ್ನು ಅಳೆಯಲು ವಿಕಿಲೀಕ್ಸ್ ಜಾಲತಾಣದ ಪ್ರಕರಣವೂ, ಗುಟ್ಟು ಯಾರನ್ನು ಕಾಪಾಡುತ್ತದೆ ಎಂಬ ಇದೇ ಅಳತೆಗೋಲನ್ನು ಕೊಡುತ್ತದೆ. 2010ರ ನವೆಂಬರ್‌ನಿಂದ ಹೊರಬಂದ 2,51,287 ಅಮೆರಿಕನ್ ರಾಯಭಾರ ತಂತಿಗಳನ್ನು, ಎಂದರೆ ರಾಯಭಾರ ಕಚೇರಿಗಳು ತಮ್ಮ ರಾಜಧಾನಿಗೆ ಕಳಿಸುವ ಒಳವರದಿಗಳನ್ನು, ಮೊದಮೊದಲು ಪತ್ರಿಕೆಗಳು ಹೆಸರುಗಳನ್ನು ಅಳಿಸಿ ಪ್ರಕಟಿಸಿದವು. 2011ರ ಮಾರ್ಚ್‌ನಲ್ಲಿ ‘ದಿ ಹಿಂದೂ’ ಭಾರತದ ತಂತಿಗಳನ್ನು ಅಚ್ಚುಮಾಡಿದಾಗ, 2008ರ ವಿಶ್ವಾಸಮತಕ್ಕೆ ಹಣ ಹರಿದ ಆರೋಪ ಸಂಸತ್ತಿನಲ್ಲಿ ಚರ್ಚೆಯಾಯಿತು. ಅದು ಮತದಾರನಿಗೆ ತಿಳಿಯಲೇಬೇಕಾದ ವಿಷಯ. ಆದರೆ ಆ ವರ್ಷದ ಸೆಪ್ಟೆಂಬರ್‌ನಲ್ಲಿ ಇಡೀ ರಾಶಿಯನ್ನು ಏನೂ ಅಳಿಸದೆ ಸುರಿಯಲಾಯಿತು. ಸುದ್ದಿ ಕೊಟ್ಟವನ ಹೆಸರಿನ ಪಕ್ಕದಲ್ಲಿ, ಇವರನ್ನು ಕಟ್ಟುನಿಟ್ಟಾಗಿ ಕಾಪಾಡಬೇಕು ಎಂದು ಬರೆದಿದ್ದ ಎಚ್ಚರಿಕೆಯೂ ಹೆಸರಿನೊಡನೆಯೇ ಲೋಕದ ಕಣ್ಣಿಗೆ ಬಿದ್ದಿತು. ಒಂದು ಸರ್ವಾಧಿಕಾರದ ದೇಶದಲ್ಲಿ ನಂಬಿ ಮಾತನಾಡಿದ ವಕೀಲನಿಗೋ ಪತ್ರಕರ್ತನಿಗೋ ಇದು ಮಾಡಿದ ಅನ್ಯಾಯವನ್ನು ಯಾವ ಆದರ್ಶವೂ ಮುಚ್ಚಲಾರದು.

ಜೀವ ಕಾಯುವ ಗುಟ್ಟನ್ನು ಮುಜುಗರ ಮುಚ್ಚುವ ಗುಟ್ಟಿನಿಂದ ಬೇರ್ಪಡಿಸುವ ವಿವೇಕದತ್ತ ಭಾರತದ ಕಾನೂನು ಅರ್ಧ ದಾರಿಯನ್ನಷ್ಟೇ ಬಂದಿದೆ. ಬ್ರಿಟಿಷರ ಕಾಲದ 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇನ್ನೂ ಜಾರಿಯಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆಯ 8ನೆಯ ಕಲಮು 20 ವರ್ಷ ಹಳೆಯ ಸಂಗತಿಗಳ ಮೇಲಿನ ಹಲವು ನಿರ್ಬಂಧಗಳನ್ನು ತೆಗೆದರೂ, ವಿದೇಶ ಸಂಬಂಧಕ್ಕೆ ಧಕ್ಕೆ ತರುವ ಮಾಹಿತಿಗೆ ಆ ಸಡಿಲಿಕೆ ಕೊಡುವುದಿಲ್ಲ. ಹಾನಿಗಿಂತ ಸಾರ್ವಜನಿಕ ಹಿತ ಹೆಚ್ಚೆಂದು ಕಂಡರೆ ಕೊಡಬಹುದೆಂಬ ಅವಕಾಶ ಅಧಿಕಾರಿಯ ಮರ್ಜಿಗೆ ಬಿಟ್ಟದ್ದು. ಗಡುವಿಲ್ಲದ ಇಂಥ ಗುಟ್ಟೇ ಸೋರಿಕೆಯನ್ನು ಹೆರುತ್ತದೆ. ಹಳೆಯ ಕಾಗದ ತೆರೆದರೆ ದೇಶ ಕೆಡುವುದೂ ಇಲ್ಲ. 1948ರ ಸೆಪ್ಟೆಂಬರ್‌ನಲ್ಲಿ ನಿಜಾಮನ ಹೆಸರಿನಿಂದ ಲಂಡನ್ನಿನ ಪಾಕಿಸ್ತಾನಿ ಹೈಕಮಿಷನರ್ ಖಾತೆಗೆ ಸರಿದ ಹತ್ತು ಲಕ್ಷ ಪೌಂಡಿನ ವ್ಯಾಜ್ಯದಲ್ಲಿ ಆ ಕಾಲದ ರಾಜತಾಂತ್ರಿಕ ಕಾಗದಗಳು ನ್ಯಾಯಾಲಯದ ಮುಂದೆ ಬಿಚ್ಚಿಕೊಂಡು 2019ರ ಅಕ್ಟೋಬರ್ 2ರಂದು ತೀರ್ಪಾದಾಗ ಯಾವ ದೇಶದ ಭದ್ರತೆಯೂ ಕುಸಿಯಲಿಲ್ಲ. ಹಣದ ಲೆಕ್ಕಕ್ಕೆ ಸಿಕ್ಕ ಕಾಗದ ಹೆಣದ ಲೆಕ್ಕಕ್ಕೂ ಸಿಗಬೇಕು.

ಆದ್ದರಿಂದ ಕೇಂದ್ರ ಸರ್ಕಾರ ಸುಂದರಲಾಲ್ ತಂಡದ ವರದಿಯನ್ನು ಅದರ ಗೋಪ್ಯ ಟಿಪ್ಪಣಿಗಳ ಸಮೇತ ತಾನೇ ಪ್ರಕಟಿಸಲಿ. ರಜಾಕಾರರ ಕೃತ್ಯಗಳ ಬಗ್ಗೆ ದೆಹಲಿ, ಹೈದರಾಬಾದುಗಳ ಕಡತಗಳಲ್ಲಿ ಉಳಿದಿರುವ ದೂರುಗಳನ್ನೂ ಅದರ ಜೊತೆಗೇ ಸೇರಿಸಲಿ. ಪ್ರತಿ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವ ನಡೆಸುವ ರಾಜ್ಯ ಸರ್ಕಾರ ಆ ವರದಿಯ ಕನ್ನಡ ಅನುವಾದವನ್ನು ಮಾಡಿಸಿ ಆಳಂದ, ಅಫಜಲಪುರ, ಜೇವರ್ಗಿಯ ಸಾರ್ವಜನಿಕ ಗ್ರಂಥಾಲಯಗಳಿಗೆ ಕೊಡಲಿ. 1948ರಲ್ಲಿ ಹತ್ತು ವಯಸ್ಸಿನವರಾಗಿದ್ದವರು ಇಂದು ಎಂಬತ್ತೈದನ್ನು ದಾಟಿದ್ದಾರೆ; ಯಾರಾದರೂ ಓದಿ ಹೇಳಿದರೆ ಕೇಳಿ, ಯಾವುದು ಸರಿ, ಯಾವುದು ಬಿಟ್ಟುಹೋಗಿದೆ ಎಂದು ಹೇಳಬಲ್ಲವರು ಭೀಮಾ ದಂಡೆಯ ಹಳ್ಳಿಗಳಲ್ಲಿ ಇನ್ನೂ ಕೆಲವರಿದ್ದಾರೆ.

— ಓದುಗರೊಬ್ಬರು, ಅಫಜಲಪುರ