ಸ್ಪೋರ್ಟ್ಸ್ ಕಾರಿನ ಶಾಕ್ ಅಬ್ಸಾರ್ಬರ್ ಮನೆಯಲ್ಲೇ ಬದಲಿಸಬಹುದೇ? ನಿಜಾಂಶ ಇಲ್ಲಿದೆ

‘ನಾಲ್ಕು ಬೋಲ್ಟ್ ಬಿಚ್ಚಿದರೆ ಹಳೇ ಶಾಕ್ ಅಬ್ಸಾರ್ಬರ್ ಹೊರಗೆ, ಹೊಸದು ಒಳಗೆ’ ಎನ್ನುವಂಥ ವಿಡಿಯೊಗಳನ್ನು ನಾವೆಲ್ಲ ನೋಡಿರುತ್ತೇವೆ. ಕೆಲಸ ನಿಜಕ್ಕೂ ಅಷ್ಟು ಸುಲಭವೇ?

1989ರಲ್ಲಿ ಬಂದ ಮಜ್ದಾ ಮಿಯಾಟಾ, ಅಮೆರಿಕದಲ್ಲಿ ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವವರ ಮೆಚ್ಚಿನ ಸ್ಪೋರ್ಟ್ಸ್ ಕಾರು. ಅದನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ ಶಾಕ್ ಅಬ್ಸಾರ್ಬರ್ ಸುತ್ತಲೇ ಸ್ಪ್ರಿಂಗ್ ಇರುತ್ತದೆ. ಕಾರಿನ ಭಾರ ಹೊರುವುದು ಸ್ಪ್ರಿಂಗ್. ಅದರ ಕುಣಿತ ತಗ್ಗಿಸುವುದು ಶಾಕ್ ಅಬ್ಸಾರ್ಬರ್ ಒಳಗಿನ ಎಣ್ಣೆ.

ಅಪಾಯ ಇರುವುದು ಎಲ್ಲಿ?

ಎರಡನ್ನೂ ಒಟ್ಟಿಗೆ ಕಾರಿನಿಂದ ಹೊರತೆಗೆದ ಮೇಲೂ ಸ್ಪ್ರಿಂಗ್ ಅದುಮಿಕೊಂಡೇ ಇರುತ್ತದೆ. ಅದನ್ನು ಹಿಡಿದಿಟ್ಟಿರುವುದು ಮೇಲಿನ ಒಂದೇ ಒಂದು ನಟ್. ಸ್ಪ್ರಿಂಗ್ ಕಂಪ್ರೆಸರ್ ಹಾಕದೆ ಆ ನಟ್ ಬಿಚ್ಚಿದರೆ ಸ್ಪ್ರಿಂಗ್ ಚಿಮ್ಮಿ ಪ್ರಾಣಕ್ಕೇ ಕುತ್ತು ಬರಬಹುದು.

ಇನ್ನೊಂದು ತಪ್ಪು ತಕ್ಷಣ ಗೊತ್ತಾಗುವುದಿಲ್ಲ. ಚಕ್ರ ನೇತಾಡುತ್ತಿರುವಾಗಲೇ ಕೆಳಗಿನ ಬೋಲ್ಟ್‌ಗಳನ್ನು ಪೂರ್ತಿ ಬಿಗಿದರೆ, ಕಾರು ಇಳಿಸಿದಾಗ ರಬ್ಬರ್ ಬುಷ್ ತಿರುಚಿಕೊಂಡು ಬೇಗ ಹರಿಯುತ್ತದೆ. ಕಾರಿನ ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಅವನ್ನು ಪೂರ್ತಿ ಬಿಗಿಯಬೇಕು.

ಗಟ್ಟಿಯಾದಷ್ಟೂ ಹಿಡಿತ ಹೆಚ್ಚೇ?

ಇಲ್ಲ. ಅತಿ ಗಟ್ಟಿಯಾದರೆ ಉಬ್ಬುತಗ್ಗಿನ ರಸ್ತೆಯಲ್ಲಿ ಚಕ್ರ ನೆಲ ಬಿಟ್ಟು ಪುಟಿಯುತ್ತದೆ, ಹಿಡಿತ ಕಡಿಮೆಯಾಗುತ್ತದೆ.

ಒಟ್ಟಿನಲ್ಲಿ, ಮನೆಯಲ್ಲಿ ಬದಲಿಸಬಹುದು ಎನ್ನುವುದು ಅರ್ಧ ಸತ್ಯ. ಜಾಕ್ ಒಂದನ್ನೇ ನಂಬಿ ಕಾರಿನ ಕೆಳಗೆ ನುಸುಳಬೇಡಿ, ಸ್ಟ್ಯಾಂಡ್ ಕೊಡಿ. ಅನುಭವವಿಲ್ಲದಿದ್ದರೆ ಸ್ಪ್ರಿಂಗ್ ಬಿಚ್ಚುವ ಕೆಲಸವನ್ನು ಗ್ಯಾರೇಜಿನಲ್ಲೇ ಮಾಡಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್ ಮರೆಯಬೇಡಿ. ಅಂಥ ವಿಡಿಯೊ ಫಾರ್ವರ್ಡ್ ಮಾಡುವುದಾದರೆ ಈ ಎಚ್ಚರಿಕೆಯನ್ನೂ ಜೊತೆಗೆ ಕಳಿಸಿ.