ಕರು ಮಗನದು, ಹಸು ಅಪ್ಪನದು?



ಅಮೆರಿಕದ ಒಕ್ಕಲು ಮನೆಗಳಲ್ಲಿ ಹಳೆಯ ಕುಚೋದ್ಯದ ಮಾತೊಂದಿದೆ. ಕರುವಾಗಿದ್ದಾಗ ಮಗನದು, ಹಸುವಾದ ಮೇಲೆ ಅಪ್ಪನದು ಎಂದು. "ಈ ಕರು ನಿನ್ನದು, ಚೆನ್ನಾಗಿ ನೋಡಿಕೋ" ಎಂದು ಹುಡುಗನಿಗೆ ಹೇಳಿ, ಎರಡು ವರ್ಷ ಹುಲ್ಲು, ನೀರು, ಸಗಣಿಯ ಕೆಲಸವನ್ನೆಲ್ಲ ಅವನಿಂದಲೇ ಮಾಡಿಸಿ, ಕೊನೆಗೆ ಸಂತೆಯಲ್ಲಿ ಬಂದ ಹಣವನ್ನು ತಂದೆ ತನ್ನ ಜೇಬಿಗೆ ಸೇರಿಸುವುದನ್ನು ಈ ಮಾತು ಚುಚ್ಚುತ್ತದೆ. ನಮ್ಮಲ್ಲಿ ಇಂಥ ಗಾದೆ ಇಲ್ಲದಿರಬಹುದು, ಈ ರೂಢಿಗಂತೂ ಕೊರತೆಯಿಲ್ಲ. ಹಬ್ಬದ ಖರ್ಚಿಗೋ ಬೀಜ ಗೊಬ್ಬರದ ಸಾಲಕ್ಕೋ ಮಗಳು ಸಾಕಿದ ಮೇಕೆಮರಿ, ಅವಳು ಶಾಲೆಗೆ ಹೋಗಿದ್ದಾಗ, ವ್ಯಾಪಾರಿಯ ಗಾಡಿ ಹತ್ತಿರುತ್ತದೆ.

ಬೇಸಾಯಶಾಸ್ತ್ರದವನು ಕೊಟ್ಟಿಗೆಯ ವಿಚಾರಕ್ಕೆ ಏಕೆ ತಲೆಹಾಕಿದ ಎಂದು ಪಶುವೈದ್ಯ ಮಿತ್ರರು ಕೇಳಿಯಾರು. ನಾವು ಎಷ್ಟು ಹೊಸ ತಳಿಗಳನ್ನು ತಂದರೂ, ಮುಂದಿನ ತಲೆಮಾರಿನಲ್ಲಿ ಅವನ್ನು ಬಿತ್ತುವವರು ಇರಬೇಕಷ್ಟೆ. ಹನ್ನೆರಡನೆಯ ವಯಸ್ಸಿನಲ್ಲಿ ಮನೆಯವರೇ ಮೋಸ ಮಾಡಿದರೆಂದುಕೊಂಡ ಹುಡುಗ ಇಪ್ಪತ್ತೆರಡರಲ್ಲಿ ಆ ಹೊಲಕ್ಕೆ ಮರಳುತ್ತಾನೆಯೆ? ಈ ಲೇಖನದಲ್ಲಿ ಕ್ರೈಸ್ತ ಕುಟುಂಬಗಳನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡಿದ್ದೇನೆ. ಪ್ರಾಣಿ ಸಾಕುವ ಮಗುವಿಗೆ ಹೇಳಿಕೊಡಲು ಸತ್ಯವೇದದಲ್ಲಿ ವಿಪುಲವಾದ ಸಾಮಗ್ರಿಯಿದೆ. ಆದರೆ ನಾವು ಅದನ್ನು ಮಕ್ಕಳಿಗೆ ಬೋಧಿಸುತ್ತೇವೆಯೇ ಹೊರತು ಅದೇ ಅಳತೆಗೋಲನ್ನು ನಮಗೆ ಹಿಡಿದುಕೊಳ್ಳುವುದು ಕಡಿಮೆ. ಅನ್ಯಮತದ ಓದುಗರಿಗೂ ಇದರಲ್ಲಿ ಪರಕೀಯವಾದದ್ದೇನೂ ಕಾಣಲಾರದು.

ಸಮುವೇಲನ ಎರಡನೆಯ ಗ್ರಂಥದಲ್ಲಿ ಪ್ರವಾದಿ ನಾತಾನನು ಅರಸ ದಾವೀದನಿಗೆ ಹೇಳುವ ಕಥೆ ನಿಮಗೆ ಗೊತ್ತಿರಬಹುದು. ಒಂದೂರಿನಲ್ಲಿ ಒಬ್ಬ ಸಿರಿವಂತ, ಒಬ್ಬ ಬಡವ. ಸಿರಿವಂತನಿಗೆ ಮಂದೆ ಮಂದೆ ಕುರಿದನ. ಬಡವನಿಗೆ ಕೊಂಡುತಂದ ಒಂದೇ ಒಂದು ಹೆಣ್ಣು ಕುರಿಮರಿ. ಅದು ಅವನ ಮಕ್ಕಳ ಜೊತೆಗೇ ಬೆಳೆಯಿತು, ಅವನ ತುತ್ತಿನಲ್ಲಿ ಪಾಲು ಪಡೆಯಿತು, ಅವನ ಮಡಿಲಲ್ಲೇ ಮಲಗಿತು. ಸಿರಿವಂತನ ಮನೆಗೆ ಅತಿಥಿ ಬಂದಾಗ ಅವನು ತನ್ನ ಮಂದೆಯನ್ನು ಮುಟ್ಟದೆ, ಬಡವನ ಆ ಒಂದು ಮರಿಯನ್ನು ಕಿತ್ತುಕೊಂಡು ಅಡಿಗೆ ಮಾಡಿಸಿದ. ಕೇಳಿದ ದಾವೀದ ಕೆಂಡಾಮಂಡಲನಾಗಿ, ಹಾಗೆ ಮಾಡಿದವನು ಒಂದಕ್ಕೆ ನಾಲ್ಕರಷ್ಟು ಕೊಡಬೇಕೆಂದು ತೀರ್ಪಿತ್ತ. ಆಮೇಲೆ ನಾತಾನನು, ಆ ಮನುಷ್ಯನು ನೀನೇ ಎಂದು ಅರಸನಿಗೆ ತೋರಿಸಿಕೊಟ್ಟ.

ಈ ಕಥೆಯನ್ನು ಊರೀಯನ ಹೆಂಡತಿಯನ್ನು ಅಪಹರಿಸಿದ ಪಾಪದ ಪ್ರಸಂಗವೆಂದೇ ಬೋಧಿಸುತ್ತಾರೆ; ಅದು ಸರಿಯೇ. ಆದರೆ ದಾವೀದನಿಗೆ ಅಷ್ಟು ಸಿಟ್ಟು ಏಕೆ ಬಂತು ಎಂಬುದನ್ನು ಒಕ್ಕಲುಮಕ್ಕಳು ಇನ್ನೂ ಚೆನ್ನಾಗಿ ಬಲ್ಲರು. ಅವನು ಬಾಲ್ಯದಲ್ಲಿ ಬೇತ್ಲೆಹೇಮಿನಲ್ಲಿ ತಂದೆಯ ಕುರಿ ಕಾಯ್ದವನು. ಕೈಯಾರೆ ಸಾಕಿದ ಮರಿಯ ಬೆಲೆ ಸಂತೆಯ ಬೆಲೆಯೊಂದೇ ಅಲ್ಲವೆಂಬುದು ಅವನ ಮೈಗೆ ಹತ್ತಿದ ತಿಳಿವಳಿಕೆ. ಮಗಳ ಮೇಕೆಯನ್ನು ಅವಳಿಗೆ ತಿಳಿಸದೆ ಮಾರುವ ತಂದೆ ಈ ಅಧ್ಯಾಯವನ್ನು ಒಮ್ಮೆ ಒಬ್ಬನೇ ಕುಳಿತು ಓದಲಿ.

ಇನ್ನೊಂದು, ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯ. ಅಲ್ಲಿ ಯೇಸುಸ್ವಾಮಿ ಒಳ್ಳೆಯ ಕುರುಬನಿಗೂ ಕೂಲಿಯಾಳಿಗೂ ಇರುವ ವ್ಯತ್ಯಾಸವನ್ನು ಹೇಳುತ್ತಾರೆ. ತೋಳ ಬಂದಾಗ ಕೂಲಿಯಾಳು ಓಡುತ್ತಾನೆ, ಏಕೆಂದರೆ ಕುರಿಗಳು ಅವನವಲ್ಲ. ಕುರುಬನಾದರೋ ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅವು ಅವನ ದನಿ ಗುರುತಿಸುತ್ತವೆ. ಮಗುವಿಗೆ ಕರುವಿನ ಕೆಲಸವನ್ನು ಕೊಟ್ಟು ಕರುವನ್ನು ಕೊಡದಿದ್ದರೆ ನಾವು ಅದನ್ನು ಕೂಲಿಯಾಳಾಗಿ ಮಾಡಿದಂತೆ, ಅದೂ ಕೂಲಿಯಿಲ್ಲದ ಆಳು. ಆ ಮೇಲೆ "ಈಗಿನ ಮಕ್ಕಳಿಗೆ ಜವಾಬ್ದಾರಿ ಇಲ್ಲ" ಎಂದು ಕಟ್ಟೆಯ ಮೇಲೆ ಕುಳಿತು ಹಲುಬುತ್ತೇವೆ.

ಈ ಒಡೆತನದ ಮಹತ್ವವನ್ನು ಅಮೆರಿಕದ ಕೃಷಿ ವಿಸ್ತರಣೆಯವರು ಬಹಳ ಹಿಂದೆಯೇ ಅರಿತರು. 1902ರಲ್ಲಿ ಓಹಿಯೋ ರಾಜ್ಯದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎ.ಬಿ. ಗ್ರಹಾಂ ಎಂಬ ಶಾಲಾಧಿಕಾರಿ ಗ್ರಾಮೀಣ ಮಕ್ಕಳ ಸಂಘವೊಂದನ್ನು ಆರಂಭಿಸಿದರು. ಅಂತಹ ಸಂಘಗಳಿಂದ ಫೋರ್-ಎಚ್ ಎಂಬ ಚಳವಳಿ ಬೆಳೆಯಿತು. ತಲೆ, ಹೃದಯ, ಕೈ, ಆರೋಗ್ಯ ಈ ನಾಲ್ಕರ ಇಂಗ್ಲಿಷ್ ಮೊದಲಕ್ಷರಗಳೇ ಅದರ ಹೆಸರು; ನಾಲ್ಕೆಲೆಯ ಕ್ಲೋವರ್ ಅದರ ಗುರುತು. 1914ರ ಸ್ಮಿತ್-ಲೀವರ್ ಶಾಸನದ ಮೂಲಕ ವಿಸ್ತರಣಾ ಸೇವೆ ಅಲ್ಲಿಯ ಕೃಷಿ ಕಾಲೇಜುಗಳಿಗೆ ಸೇರಿದಾಗ ಈ ಸಂಘಗಳೂ ಅದರ ಅಂಗವಾದವು. 1964ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಯಾದ ಕೃಷಿ ವಿಶ್ವವಿದ್ಯಾನಿಲಯವೂ ಅದೇ ಮಾದರಿಯ ಕೂಸಾದ್ದರಿಂದ, ಇದು ನಮ್ಮ ಬಳಗದ ಸಮಾಚಾರವೇ. ಅಲ್ಲಿ ಮಗು ಒಂದು ಕರುವನ್ನೋ ಹಂದಿಮರಿಯನ್ನೋ ತನ್ನದಾಗಿ ಸಾಕಿ, ಮೇವಿನ ಖರ್ಚು, ತೂಕ, ಮಾರಾಟ ಎಲ್ಲವನ್ನೂ ಪುಸ್ತಕದಲ್ಲಿ ಬರೆದಿಡುತ್ತದೆ. ಜಿಲ್ಲಾ ಜಾತ್ರೆಗೆ ಹಿಡಿದುಕೊಂಡು ಹೋಗುತ್ತದೆ.

ಫೋರ್-ಎಚ್ ಸರ್ಕಾರಿ ವ್ಯವಸ್ಥೆ, ಚರ್ಚಿನದಲ್ಲ. ಆದರೆ ಚರ್ಚುಗಳೂ ಇದೇ ದಾರಿ ಹಿಡಿದದ್ದುಂಟು. 1930ರಲ್ಲಿ ಉತ್ತರ ಕೆರೊಲಿನಾದ ಆಶ್‌ವಿಲ್ ಸುತ್ತಮುತ್ತ ರೈತರ ಒಕ್ಕೂಟವೊಂದು "ಕರ್ತನ ಎಕರೆ" ಎಂಬ ಯೋಜನೆ ಹಾಕಿತು. ಕೈಯಲ್ಲಿ ಕಾಸಿಲ್ಲದ ಕಾಲ ಅದು. ದೊಡ್ಡವರು ಒಂದು ತುಂಡು ನೆಲದ ಬೆಳೆಯನ್ನು, ಮಕ್ಕಳು ಕೋಳಿಮರಿಯನ್ನೋ ಹಂದಿಮರಿಯನ್ನೋ ದೇವರ ಪಾಲೆಂದು ಬೆಳೆಸಿ ಅದರ ಹುಟ್ಟುವಳಿಯನ್ನು ಸಭೆಗೆ ಅರ್ಪಿಸಿದರು. ನಮ್ಮ ಕರಾವಳಿಯ ಪ್ರೊಟೆಸ್ಟೆಂಟ್ ಸಭೆಗಳ ಬೆಳೆ ಹಬ್ಬದಲ್ಲಿ ತೆಂಗಿನಕಾಯಿ, ಬಾಳೆಗೊನೆ, ಕೋಳಿ ತಂದು ಹರಾಜಿಗಿಡುವುದನ್ನು ಕಂಡವರಿಗೆ ಇದು ಹೊಸದೆನಿಸದು. ಆ ಕೋಳಿ ಮಗುವಿನ ಕೈಯಿಂದಲೇ ಹೋದರೆ ಕಾಣಿಕೆಯ ಅರ್ಥ ಬೇರೆಯಾಗುತ್ತದೆ.

ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದದ್ದು ಡ್ಯಾನ್ ವೆಸ್ಟ್ ಅವರ ಕೆಲಸ. ಬ್ರೆದ್ರನ್ ಸಭೆಗೆ ಸೇರಿದ ಈ ರೈತ, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ ನಿರಾಶ್ರಿತ ಮಕ್ಕಳಿಗೆ ಹಾಲಿನ ಪುಡಿ ಹಂಚುತ್ತಿದ್ದಾಗ, ಲೋಟ ಹಾಲಿಗಿಂತ ಹಸುವನ್ನೇ ಕೊಡುವುದು ಲೇಸೆಂದು ಯೋಚಿಸಿದರು. 1944ರಲ್ಲಿ ಸಭೆಯ ರೈತ ಕುಟುಂಬಗಳು ಸಾಕಿದ ಕಡಸುಗಳ ಮೊದಲ ತಂಡ ಪೋರ್ಟೊರಿಕೊ ದ್ವೀಪಕ್ಕೆ ಹಡಗಿನಲ್ಲಿ ಹೋಯಿತು. ಷರತ್ತು ಒಂದೇ: ಪಡೆದವರು ಅದರ ಮೊದಲ ಹೆಣ್ಣುಗರುವನ್ನು ಇನ್ನೊಂದು ಬಡ ಕುಟುಂಬಕ್ಕೆ ಕೊಡಬೇಕು. ಕಡಸನ್ನು ಪಾಲಿಗೆ ಬಿಡುವ ನಮ್ಮ ರೈತರಿಗೆ ಈ ಲೆಕ್ಕ ಥಟ್ಟನೆ ತಿಳಿಯುತ್ತದೆ, ಆದರೆ ಇಲ್ಲಿ ಪಾಲು ಹೋಗುವುದು ಮುಂದಕ್ಕೆ, ಹಿಂದಕ್ಕೆ ಬರುವುದಿಲ್ಲ.

ನಿತ್ಯದ ಕೆಲಸದ ಪಾಠಗಳನ್ನು ವಿಸ್ತರಿಸಬೇಕಾಗಿಲ್ಲ. ಭಾನುವಾರವೂ ಕರುವಿಗೆ ಹಸಿವಾಗುತ್ತದೆ; ಸಬ್ಬತ್ ದಿನದಲ್ಲೂ ಎತ್ತನ್ನು ಬಿಚ್ಚಿ ನೀರು ಕುಡಿಸುವುದು ತಪ್ಪಲ್ಲವೆಂಬುದು ಸುವಾರ್ತೆಯಲ್ಲೇ ಇದೆ. ತುಳಿಯುವ ಎತ್ತಿನ ಬಾಯಿಗೆ ಕುಕ್ಕೆ ಕಟ್ಟಬಾರದೆಂಬ ಕಟ್ಟಳೆಯನ್ನು ಕಣ ಕಂಡ ಮಗುವಿಗೆ ವಿವರಿಸಬೇಕಾದದ್ದೇ ಇಲ್ಲ. ವಿಮೋಚನಕಾಂಡದ ಇಪ್ಪತ್ತಮೂರನೆಯ ಅಧ್ಯಾಯದಲ್ಲಿ ಏಳನೆಯ ವರ್ಷ ಹೊಲಕ್ಕೆ ಬಿಡುವು, ಏಳನೆಯ ದಿನ ಎತ್ತಿಗೆ ಬಿಡುವು, ಎರಡೂ ಒಂದರ ಪಕ್ಕದಲ್ಲೊಂದು ಬರುತ್ತವೆ. ಬೇಸಾಯಶಾಸ್ತ್ರದವನ ಕಣ್ಣಿಗೆ ಅದು ಬೀಳದಿರುತ್ತದೆಯೆ?

ಕಷ್ಟದ ಪಾಠ ಸಾವಿನದು. ಕಸಾಯಿಗೆ ಹೋಗುವ ಪ್ರಾಣಿಯನ್ನು ಮಗುವಿನ ಕೈಗೆ ಕೊಡುವುದೇ ಕ್ರೌರ್ಯವೆಂದು ವಾದಿಸುವವರಿದ್ದಾರೆ. ನನ್ನ ಅಭಿಪ್ರಾಯದಲ್ಲಿ ಕ್ರೌರ್ಯವಿರುವುದು ಸುಳ್ಳಿನಲ್ಲಿ. ಮಾಂಸಕ್ಕೆಂದು ಸಾಕುವ ಟಗರೋ ಹಂದಿಯೋ ಆದರೆ ಮೊದಲ ದಿನವೇ ಅದನ್ನು ಹೇಳಿರಿ. ತೀರಾ ಎಳೆಯ, ಮೆತ್ತನೆಯ ಮನಸ್ಸಿನ ಮಗುವಾದರೆ ಹೆಣ್ಣುಗರು, ಹೆಣ್ಣು ಮೇಕೆ, ಮೊಟ್ಟೆಕೋಳಿ ಕೊಡಿ. ಮಾರಿದ ದಿನ ಮಗು ಅತ್ತರೆ ಅಳಲಿ, "ಪ್ರಾಣಿಗಾಗಿ ಅಳುತ್ತಾರೆಯೇ" ಎಂದು ಗದರಬೇಡಿ. ತಪ್ಪಿಹೋದ ಒಂದು ಕುರಿಗಾಗಿ ತೊಂಬತ್ತೊಂಬತ್ತನ್ನು ಬಿಟ್ಟು ಹೊರಟವನ ಸಾಮ್ಯವನ್ನು ಆ ಮಗು ನಮಗಿಂತ ಚೆನ್ನಾಗಿ ಅರ್ಥಮಾಡಿಕೊಂಡಿರುತ್ತದೆ.

ಇದೆಲ್ಲ ಮಕ್ಕಳನ್ನು ದುಡಿಸುವ ನೆಪವಾಗಬಾರದು. 2016ರ ತಿದ್ದುಪಡಿಯ ಪ್ರಕಾರ ಹದಿನಾಲ್ಕರೊಳಗಿನ ಮಕ್ಕಳು ಮನೆಯ ಕಸುಬಿಗೆ ನೆರವಾಗಬಹುದಾದದ್ದು ಶಾಲೆಯ ಅವಧಿಯ ನಂತರ ಅಥವಾ ರಜೆಯಲ್ಲಿ ಮಾತ್ರ. ಮಂದೆ ಕಾಯಿಸಬೇಡಿ, ಒಂದು ಪ್ರಾಣಿ ಸಾಕು. ಕರು ಹುಟ್ಟಿದ ಒಂದೆರಡು ಗಂಟೆಯೊಳಗೆ ಗಿಣ್ಣುಹಾಲು, ಮೊದಲ ದಿನ ಅದರ ತೂಕದ ಹತ್ತನೆಯ ಒಂದು ಭಾಗದಷ್ಟು. ಮೂವತ್ತು ಕಿಲೋ ಕರುವಿಗೆ ಎಷ್ಟಾಯಿತೆಂದು ಮಗುವೇ ಲೆಕ್ಕ ಹಾಕಲಿ. ಹೊಕ್ಕುಳಿಗೆ ಟಿಂಚರ್ ಅಯೋಡಿನ್, ಪಶುವೈದ್ಯರು ಹೇಳಿದ ದಿನಗಳಲ್ಲಿ ಜಂತಿನ ಔಷಧಿ, ನಾಲ್ಕು ತಿಂಗಳು ತುಂಬಿದ ಮೇಲೆ ಕಾಲುಬಾಯಿ ಜ್ವರದ ಲಸಿಕೆ, ಇವುಗಳ ತಾರೀಖನ್ನೂ ಕಿವಿಯೋಲೆಯ ಸಂಖ್ಯೆಯನ್ನೂ ಅದರ ಕೈಯಿಂದಲೇ ಬರೆಯಿಸಿ. ಕಂದು ಹಾಕಿದ ಹಸುವಿನ ಮಾಸನ್ನು ಮಾತ್ರ ಮಕ್ಕಳು ಮುಟ್ಟಕೂಡದು.

ಬಡ ಸಂಸಾರಕ್ಕೆ ಮೇಕೆಯೇ ಬ್ಯಾಂಕು, ಆಪತ್ತಿನಲ್ಲಿ ಮಾರದೆ ಗತಿಯಿಲ್ಲ ಎನ್ನುವಿರಿ. ಒಪ್ಪಿದೆ. ಅಂಥ ದಿನ ಬಂದರೆ ಮಗುವನ್ನು ಕೂರಿಸಿಕೊಂಡು ಕಾರಣ ಹೇಳಿ ಕೇಳಿರಿ. ಸಂತೆಗೆ ಜೊತೆಯಲ್ಲಿ ಕರೆದೊಯ್ಯಿರಿ. ಬಂದ ಹಣವನ್ನು ಅದರ ಪುಸ್ತಕದಲ್ಲಿ "ಅಪ್ಪನಿಗೆ ಕೊಟ್ಟ ಸಾಲ" ಎಂದು ಬರೆದು ಕೆಳಗೆ ನಿಮ್ಮ ರುಜು ಹಾಕಿರಿ. ಮುಂದಿನ ಸುಗ್ಗಿಯಲ್ಲಿ ಆ ಸಾಲಕ್ಕೆ ಒಂದು ಮರಿಯನ್ನಾದರೂ ತಂದು ಕಟ್ಟಿರಿ.